ಮೊಳದ ಲೆಕ್ಕ

ಎರಡು ಮೊಳ ಇರಬೇಕು ಕಡ್ಡಿ,
ಏಳು ಕಾಯಿಗೆ ಕಡಿಮೆ ಇರಬಾರದು,
ಎಲೆ ಒಂದೂ ಕೂಡದು.
ಮಡಗಾಂವಿನ ಎಸ್ಪೆರಾನ್ಸ ಬಾಯಿ ಹೇಳಿದ್ದು ಇಷ್ಟೆ.
ಯಾರ ಮೊಳ ಅಂತ ನಾನು ಕೇಳಲಿಲ್ಲ.
ನನ್ನ ಕೈ ಗಿಡ್ಡ.
ಮೊದಲ ವಾರ ಅರ್ಧ ಕಟ್ಟು ವಾಪಸು ತಂದೆ,
ಸಂಜೆಯ ರೈಲಿನಲ್ಲಿ, ಕಾಲ ಬಳಿ ಇಟ್ಟುಕೊಂಡು.
ಎದುರಿಗೆ ಕೂತವನು ಕಾರವಾರದವರೆಗೂ
ಅದನ್ನೇ ನೋಡಿದ, ನನ್ನನ್ನು ನೋಡಲಿಲ್ಲ.
ಇಳಿಯುವಾಗ ಕೇಳಿದ: ಇದು ಪ್ಲಾಸ್ಟಿಕ್ಕಾ?

ಬೀಜ ಕೊಟ್ಟವನು ಶಿರಸಿ ನರ್ಸರಿಯ ಪರಮಣ್ಣ.
ಬದನೆಯ ಜಾತಿ. ಮೈ ತುಂಬ ಮುಳ್ಳು.
ಹೂವು ನೇರಳೆ, ಕಾಯಿ ಅರಿಶಿನ,
ಕಾಯಿಗೆ ಐದು ಮೊಲೆ,
ಹಾಲು ತುಂಬಿದ ಕೆಚ್ಚಲಿನ ಹಾಗೆ.
ತಿಂದರೆ ವಿಷ, ನೋಡಿದರೆ ದುಡ್ಡು ಅಂದ.
ಆಡು ಮೂಸಿ ನೋಡಿ ಆಚೆ ಹೋಯಿತು.
ಮಗಳು ಮಾದೇವಿ ಬೆರಳು ಮಡಚಿ ಎಣಿಸಿದಳು:
ಹಸುವಿಗೆ ನಾಲ್ಕಲ್ವಾ ಆಯಿ,
ಐದನೇದು ಯಾರಿಗೆ?
ಮಾರ್ಕೆಟ್ಟಿಗೆ, ಅಂದೆ.

ಅತ್ತೆ ಹೊನ್ನಿ ಮಾತ್ರ ಗದ್ದೆಯ ಬದುವಿನಲ್ಲಿ
ಬೆನ್ನು ತಿರುಗಿಸಿಯೇ ಕೂತಿದ್ದಳು.
ಹರಿವೆ ಬೆಳೆದ ನೆಲ, ಮೊಗೆಕಾಯಿ ಬೆಳೆದ ನೆಲ,
ಬೆಂಡೆಯ ಸಾಲಿಗೆ ಕೊಡದಲ್ಲಿ ನೀರು ಹೊತ್ತ ನೆಲ.
"ತಿಂಬುಕಾಗ್ದಿದ್ದ ಕಾಯಿ ಬೆಳಿಯೂದು
ಎಂತಾ ಬೆಳಿಯೇ ಅದು?"

ನಾನೂ ಬಿಡಲಿಲ್ಲ.
ತುಳಸಿ ಹಬ್ಬದ ಹಿಂದಿನ ದಿವಸ ಅಂಕೋಲೆ ಪೇಟೆಯಲ್ಲಿ
ಕಾಯಿ ಬಿಟ್ಟ ನೆಲ್ಲಿಯ ಟೊಂಗೆ ಮಾರಿದವಳು ಯಾರು?
ಹುಳಿ ತೂಗುವ ಹುಣಸೆಯ ಟೊಂಗೆ
ತಲೆ ಮೇಲೆ ಹೊತ್ತು ಬೆಲೆ ಕೂಗಿದವಳು ಯಾರು?
ಆ ನೆಲ್ಲಿಕಾಯಿ ಯಾರಾದರೂ ತಿಂದರಾ?
ಕಟ್ಟೆಗೆ ಕಟ್ಟಿದರು, ಒಣಗಿತು, ಎಸೆದರು.

ಅತ್ತೆ ಕವಳ ಉಗಿದಳು.
"ಅದು ದೇವ್ರ ಮದ್ವೆ."
ಇದು ಹೋಟ್ಲು ಮದ್ವೆ, ಅಂದೆ.
ನಗಲಿಲ್ಲ. ಆದರೆ ಮರುದಿನ ಕೋಳಿ ಕೂಗುವ ಮೊದಲೇ
ಅಂಗಳದಲ್ಲಿ ಸರ್‍ ಸರ್‍ ಸದ್ದು:
ಚಿಮಣಿ ಬೆಳಕಲ್ಲಿ ಮುದುಕಿ
ಕತ್ತಿಯ ಬೆನ್ನಿಂದ ಮುಳ್ಳು ಹೆರೆಯುತ್ತಿದ್ದಳು,
ಕಾಯಿಗೆ ಒಂದು ಗೀರೂ ಬೀಳದ ಹಾಗೆ.

ಎಲೆ ಕಿತ್ತ ಮೇಲೆ ಗಿಡಕ್ಕೆ ನಾಚಿಕೆಯಾಗುತ್ತದೆ
ಅನ್ನಿಸುತ್ತಿತ್ತು ಮೊದಲೆಲ್ಲ.
ಈಗ ಅನ್ನಿಸುವುದಿಲ್ಲ.
ಹಳೇ ಸೀರೆಯ ಅಂಚು ಹರಿದು ಕಟ್ಟು ಕಟ್ಟುವುದು,
ನಡುವೆ ಪೇಪರು, ಮೇಲೆ ಗೋಣಿ.
ನೀರೂ ಬೇಡ ಇದಕ್ಕೆ. ಕೊಯ್ದು ತಿಂಗಳಾದರೂ
ಸತ್ತದ್ದು ಗೊತ್ತಾಗುವುದಿಲ್ಲ.

ಕ್ರಿಸ್ಮಸ್ಸಿಗೆ ಹತ್ತು ದಿನ ಇರುವಾಗ
ಬಾಯಿಯ ಫೋನು:
ಆ ಕಣ್ಣಿದ್ದ ಕಾಯಿ ಇನ್ನಷ್ಟು ಕಳಿಸು!
ಯಾವ ಕಣ್ಣು?
ಮಾದೇವಿ ಬಾಗಿಲ ಹಿಂದೆ ನಿಂತಿದ್ದಳು,
ಕೈಯಲ್ಲಿ ನೀಲಿ ಪೆನ್ನು.
ಕಾಯಿ ತಲೆಕೆಳಗು ಹಿಡಿದರೆ
ಮೊಲೆ ಎರಡು ಕಿವಿಯಾಗುತ್ತದಂತೆ, ನರಿಯ ಮುಖವಂತೆ.
ಐವತ್ತು ಬರೆದು ಕೊಡೇ, ಅಂದೆ.
ಅದು ಒಂದೇ ನರಿ ಆಗಿತ್ತು, ಅಂದಳು.
ಎಷ್ಟು ಹೇಳಿದರೂ ಬರೆಯಲಿಲ್ಲ.

ಈ ವರ್ಷ, ಸ್ಟೇಷನ್ನಿನ ನೀರಿನ ಟಾಕಿಯ ಹಿಂದೆ,
ಜಲ್ಲಿಕಲ್ಲಿನ ನಡುವೆ,
ಹೋದ ವರ್ಷ ಕಟ್ಟಿನಿಂದ ಉದುರಿದ್ದೊಂದು
ಗಿಡವಾಗಿ ನಿಂತಿತ್ತು.
ಗೊಬ್ಬರ ಕಂಡಿಲ್ಲ, ಮುಳ್ಳು ಹೆರೆದವರಿಲ್ಲ,
ಎಲೆ ಅಂಗೈ ಅಗಲ, ಧೂಳು ಹಿಡಿದದ್ದು.
ಕಾಯಿ ಎಣಿಸಿದೆ: ಒಂಬತ್ತು.
ರೈಲು ಹಾರವಾಡ ಬಿಟ್ಟಿದೆ ಅಂದರು.
ಮೊಣಕೈ ಊರಿ ಅಳೆದೆ.
ಎಸ್ಪೆರಾನ್ಸ ಬಾಯಿಯ ಮೊಳದಲ್ಲೂ ಸರಿಯಾಗಿ ಎರಡು.

ಸುಳ್ಳೆಂತಕೆ ಹೇಳಲಿ, ಕೊಯ್ದೆ.
ಎಲೆ ಅಲ್ಲೇ ಕಿತ್ತು ಹಾಕಿದೆ.
ಒಂದು ಕಾಯಿ ಉರುಳಿ ಜಲ್ಲಿಯ ಸಂದಿಗೆ ಹೋಯಿತು.
ಕೈ ಹಾಕಿದರೆ ಸಿಗುತ್ತಿತ್ತು.
ಎಂಟು ಇದ್ದರೂ ಸಾಕು ಕಡ್ಡಿಗೆ.